ಹಿತ್ತಲು ಮೊದಲು, ಜಗಲಿ ಆಮೇಲೆ

ಪ್ರಿಯ ಕಿರಿಯ ಮಿತ್ರ,

ಕಡಲಿನಿಂದ ಅಷ್ಟು ದೂರದ, ಸಮುದ್ರ ಮಟ್ಟಕ್ಕಿಂತ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಕೂತು, ನಡುಮನೆಯ ಮೂಲೆಯಲ್ಲೊಂದು ಹವಳದ ದಿಬ್ಬ ಬೆಳೆಸುತ್ತೇನೆಂದು ಹೊರಟ ನಿನ್ನಂಥವರು ಈಗ ಕಡಿಮೆಯೇನಿಲ್ಲ. ಆಸೆಯಲ್ಲಿ ತಪ್ಪಿಲ್ಲ. ಆದರೆ ಈ ದಾರಿಗೆ ಇಳಿದವರು ಮೊದಲು ಕೇಳುವ ಪ್ರಶ್ನೆಗಳನ್ನು ಗಮನಿಸು: ಗಾಜಿನ ತೊಟ್ಟಿ ಎಷ್ಟು ಅಡಿಯದು, ಲೈಟು ಯಾವ ಕಂಪನಿಯದು, ಮೊದಲು ತರುವ ಮೀನು ಯಾವುದು. ಎಲ್ಲವೂ ಕಣ್ಣಿಗೆ ಕಾಣುವ ಭಾಗದ ಪ್ರಶ್ನೆಗಳೇ. ಕ್ಯಾಬಿನೆಟ್ಟಿನ ಬಾಗಿಲ ಹಿಂದೆ ಅಡಗಿರಬೇಕಾದ ಭಾಗದ ವಿಚಾರ ಬರುವುದು, ತೊಟ್ಟಿ ತುಂಬಿ, ಮೀನು ಬಿಟ್ಟು, ಮೂರನೇ ತಿಂಗಳಲ್ಲಿ ಕಲ್ಲಿನ ಮೇಲೆ ಕೂದಲಿನಂಥ ಪಾಚಿ ಹತ್ತಿದ ಮೇಲೆ. ನಾನು ಹೇಳಲಿರುವುದು ಒಂದೇ ಮಾತು: ಈ ಕ್ರಮವನ್ನು ತಲೆಕೆಳಗು ಮಾಡು. ಮೊದಲು ಸಂಪು, ಅದರೊಳಗೆ ರೆಫ್ಯೂಜಿಯಂ, ಅಲ್ಲಿ ಹಸಿರು ಹಿಡಿದು ಬೆಳೆಯುವುದು ಖಾತ್ರಿಯಾದ ಮೇಲೆ ಮೇಲಿನ ತೊಟ್ಟಿಯ ಸಿಂಗಾರ. ಇಷ್ಟಕ್ಕೆ ನಿನ್ನನ್ನು ಒಪ್ಪಿಸಲು ಸ್ವಲ್ಪ ಲೆಕ್ಕ ಹಾಕಬೇಕು, ಸ್ವಲ್ಪ ಜಗಳವನ್ನೂ ಆಡಬೇಕು. ಸಹಿಸಿಕೋ.

ಸಂಪು ಎಂಬ ಪದ ನಿನಗೆ ಹೊಸದಲ್ಲ. ಬೆಂಗಳೂರಿನ ಮನೆ ಎಂದ ಮೇಲೆ ಗೇಟಿನ ಪಕ್ಕ ನೆಲದಡಿ ಒಂದು ಸಂಪು, ತಾರಸಿಯ ಮೇಲೊಂದು ಟ್ಯಾಂಕು, ನಡುವೆ ಒಂದು ಮೋಟರು ಇದ್ದದ್ದೇ. ರೀಫ್, ಎಂದರೆ ಹವಳದ ದಿಬ್ಬದ, ತೊಟ್ಟಿಯ ಏರ್ಪಾಡೂ ಇಷ್ಟೇ. ಮೇಲೇರಿದ ನೀರು ನಲ್ಲಿಗೆ ಹೋಗದೆ, ತುಂಬಿ ತುಳುಕಿ, ಕೊಳವೆಯಲ್ಲಿ ತಾನಾಗಿ ಇಳಿದು ಮತ್ತೆ ಸಂಪಿಗೇ ಬರುತ್ತದೆ ಎಂಬುದೊಂದೇ ವ್ಯತ್ಯಾಸ. ಆ ಸಂಪು ಎಂದರೆ ಕ್ಯಾಬಿನೆಟ್ಟಿನೊಳಗೆ ಕೂರುವ ಇನ್ನೊಂದು ಗಾಜಿನ ತೊಟ್ಟಿ. ಅಡ್ಡ ಗಾಜುಗಳಿಂದ ಅದನ್ನು ಮೂರು ಕೋಣೆ ಮಾಡುತ್ತಾರೆ. ಮೇಲಿನ ನೀರು ಬೀಳುವ ಕೋಣೆಯಲ್ಲಿ ಕಸ ಹಿಡಿಯುವ ಬಟ್ಟೆಯ ಚೀಲವೂ ಕೊಳೆಯನ್ನು ನೊರೆ ಮಾಡಿ ತೆಗೆಯುವ ಪ್ರೋಟೀನ್ ಸ್ಕಿಮ್ಮರೂ ಇರುತ್ತವೆ. ಕೊನೆಯದರಲ್ಲಿ ನೀರನ್ನು ಮೇಲಕ್ಕೆ ತಳ್ಳುವ ಪಂಪು. ಇನ್ನುಳಿದ ಕೋಣೆಗೆ ಸ್ವಂತ ಲೈಟು ಕೊಟ್ಟು, ಕಡಲ ಪಾಚಿಯನ್ನು ಬೇಕೆಂದೇ ಬೆಳೆಸಿದರೆ ಅದು ರೆಫ್ಯೂಜಿಯಂ, ಎಂದರೆ ಆಸರೆಯ ತಾಣ. ಪಾಚಿ ಮೇಯುವ, ಹುಳ ಹೆಕ್ಕುವ ಮೀನು ಅಲ್ಲಿಗೆ ಬರಲಾರದು. ಅದಕ್ಕೇ ಆ ಹೆಸರು.

ಮಲೆನಾಡಿನ, ಕರಾವಳಿಯ ಹಳೆಯ ಮನೆಗಳಲ್ಲಿ ಬಚ್ಚಲ ನೀರು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಒಮ್ಮೆ ನೆನೆಸಿಕೋ. ಹಿತ್ತಲ ಬಾಳೆಯ ಬುಡಕ್ಕೆ, ಕೆಸುವಿನ ಗುಂಪಿಗೆ, ಬಸಳೆ ಚಪ್ಪರಕ್ಕೆ. ಮನೆಗೆ ಬೇಡವಾದ ನೀರು ಅಲ್ಲಿ ಗೊನೆಯಾಗಿ, ಸೊಪ್ಪಾಗಿ ಅಡುಗೆಮನೆಗೆ ವಾಪಸಾಗುತ್ತಿತ್ತು. ಜಗಲಿ ಎಷ್ಟೇ ಚೆಂದವಿರಲಿ, ಹಿತ್ತಲು ಸರಿಯಿಲ್ಲದ ಮನೆಯಲ್ಲಿ ನಾತ ಜಗಲಿಗೇ ಬರುತ್ತದೆ. ರೆಫ್ಯೂಜಿಯಂ ನಿನ್ನ ತೊಟ್ಟಿಯ ಹಿತ್ತಲು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಂಬಿ ಅದನ್ನು ಕಡೆಗಣಿಸುವವರೇ ಹೆಚ್ಚು. ಈ ಹೋಲಿಕೆಯನ್ನು ನಾನು ತಂದದ್ದು ಅಲಂಕಾರಕ್ಕಲ್ಲ. ಬಸಳೆಯನ್ನು ಕೊಯ್ಯದೆ ಬಿಟ್ಟರೆ ಅದು ಚಪ್ಪರದ ಮೇಲೆಯೇ ಕೊಳೆತು ಬುಡಕ್ಕೆ ಬೀಳುತ್ತದೆ. ಬಚ್ಚಲು ಕೊಟ್ಟದ್ದು ಮತ್ತೆ ಅಲ್ಲೇ. ಹಿತ್ತಲಿನ ಗುಟ್ಟು ಬೆಳೆಯುವುದರಲ್ಲಿಲ್ಲ, ಕೊಯ್ಯುವುದರಲ್ಲಿದೆ.

ಈಗ ಲೆಕ್ಕಕ್ಕೆ ಬರೋಣ. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಎಂದುಕೊಳ್ಳೋಣ. ಸುಮಾರು 250 ಲೀಟರ್. ನಾಲ್ಕೈದು ಸಣ್ಣ ಮೀನುಗಳಿಗೆ ದಿನಕ್ಕೆ ಒಂದು ಗ್ರಾಂ ಒಣ ಆಹಾರ ಹಾಕುತ್ತೀಯ ಎನ್ನು. ಅದರಲ್ಲಿ ನೂರಕ್ಕೆ 45 ಪಾಲು ಪ್ರೋಟೀನು, ಪ್ರೋಟೀನಿನಲ್ಲಿ ನೂರಕ್ಕೆ 16 ಪಾಲು ಸಾರಜನಕ. ಎಂದರೆ ದಿನಕ್ಕೆ 72 ಮಿಲಿಗ್ರಾಂ ಸಾರಜನಕ ನೀರಿಗೆ ಬಿತ್ತು. ಮೀನು ಅದರ ಬಹುಪಾಲನ್ನು ಕಿವಿರುಗಳ ಮೂಲಕ ಅಮೋನಿಯಾ ಮಾಡಿ ಹೊರಹಾಕುತ್ತದೆ. ಕಲ್ಲಿನ ಮೇಲಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅಷ್ಟೂ ಸಾರಜನಕ ನೈಟ್ರೇಟ್ ಆದರೆ ಸುಮಾರು 320 ಮಿಲಿಗ್ರಾಂ. ಲೀಟರಿಗೆ ಹಂಚಿದರೆ ದಿನಕ್ಕೆ 1.3, ವಾರಕ್ಕೆ 9. ವಾರವಾರ ಹತ್ತನೇ ಒಂದು ಪಾಲು ನೀರು ಬದಲಿಸುತ್ತೇನಲ್ಲ ಎನ್ನುತ್ತೀಯ. ಬದಲಿಸು, ಆದರೆ ಗಣಿತ ಏನೆನ್ನುತ್ತದೆ ಕೇಳು: ವಾರಕ್ಕೆ 9 ಸೇರಿ, ಇದ್ದದ್ದರ ಹತ್ತನೇ ಒಂದು ಪಾಲು ಮಾತ್ರ ಹೋಗುವುದಾದರೆ, ಸೇರಿದ್ದೂ ಹೋದದ್ದೂ ಸಮವಾಗುವುದು ನೈಟ್ರೇಟ್ ಲೀಟರಿಗೆ 90 ಮಿಲಿಗ್ರಾಂ ಮುಟ್ಟಿದಾಗ. ಸ್ಕಿಮ್ಮರು ಒಂದಷ್ಟು ತೆಗೆಯುತ್ತದೆ; ಕಲ್ಲಿನ ಒಳಗಿನ, ಆಮ್ಲಜನಕ ತಲುಪದ ಸಂದುಗಳಲ್ಲಿರುವ ಬ್ಯಾಕ್ಟೀರಿಯಾ ಒಂದಷ್ಟನ್ನು ಅನಿಲ ಮಾಡಿ ಗಾಳಿಗೆ ಬಿಡುತ್ತದೆ; ಹಾಗಾಗಿ ನಿಜವಾದ ಅಂಕಿ ಇಷ್ಟು ಭೀಕರವಾಗುವುದಿಲ್ಲ. ಆದರೆ ನೀರು ಬದಲಾವಣೆಯೊಂದನ್ನೇ ನಂಬಿದವನ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಎಂಬುದು ನಿನಗೆ ಕಂಡಿತಲ್ಲ.

ಅದೇ 72 ಮಿಲಿಗ್ರಾಮನ್ನು ಪಾಚಿಯ ಕಡೆಯಿಂದ ನೋಡು. ಕೀಟೋಮಾರ್ಫಾ ಎಂಬ, ಸಿಕ್ಕುಬಿದ್ದ ಹಸಿರು ದಾರದ ಉಂಡೆಯಂಥ ಪಾಚಿಯನ್ನು ಈ ಕೆಲಸಕ್ಕೆ ಬಳಸುತ್ತಾರೆ. ಹಸಿಯಾಗಿದ್ದಾಗ ಅದರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಪಾಲು ನೀರೇ. ಒಣಗಿಸಿದರೆ ಉಳಿಯುವ ತೂಕದಲ್ಲಿ ಸಾರಜನಕ ನೂರಕ್ಕೆ ಮೂರರ ಆಸುಪಾಸು ಎಂದಿಟ್ಟುಕೋ. ಹಾಗಾದರೆ ದಿನದ ಸಾರಜನಕವೆಲ್ಲ 24 ಗ್ರಾಂ ಹಸಿ ಪಾಚಿಯಲ್ಲಿ ಅಡಗುತ್ತದೆ. ವಾರಕ್ಕೆ 170 ಗ್ರಾಂ. ಸಂತೆಯಲ್ಲಿ ಸಿಗುವ ಸಣ್ಣದೊಂದು ಮೆಂತೆಸೊಪ್ಪಿನ ಕಟ್ಟಿನಷ್ಟು. ಇಷ್ಟು ಬೆಳೆಯಲು ಅಲ್ಲಿ ಸದಾ ಅರ್ಧ ಕಿಲೋ ಪಾಚಿ ಇರಬೇಕು, ಅದು ದಿನಕ್ಕೆ ನೂರಕ್ಕೆ ಐದರಂತೆ ಹೆಚ್ಚುತ್ತಿರಬೇಕು. ಒಳ್ಳೆಯ ಬೆಳಕಿದ್ದರೆ ಇದು ದೊಡ್ಡ ಸಾಹಸವೇನಲ್ಲ. ಮೀನಿಗೆ ಹಾಕಿದ ಆಹಾರ ಸೊಪ್ಪಾಗಿ ನಿನ್ನ ಕೈಗೆ ಬಂತು, ಅದನ್ನು ಎತ್ತಿ ಹೊರಗಿಟ್ಟೆ, ಖಾತೆ ಚುಕ್ತಾ. ಬೇರಾವ ಉಪಾಯದಲ್ಲೂ ಹೊರಹೋದದ್ದನ್ನು ಹೀಗೆ ತಕ್ಕಡಿಯಲ್ಲಿಟ್ಟು ತೂಗಲಾಗುವುದಿಲ್ಲ.

ಆದರೆ ಚುಕ್ತಾ ಎಂದು ಪೂರ್ತಿ ಹೇಳಿದರೆ ಸುಳ್ಳಾದೀತು, ರಂಜಕದ ಬಾಕಿ ಇದೆ. 1934ರಲ್ಲಿ ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬ ವಿಜ್ಞಾನಿ ಕಡಲಿನಲ್ಲಿ ತೇಲುವ ಸೂಕ್ಷ್ಮಜೀವಿಗಳಲ್ಲಿ ಇಂಗಾಲ, ಸಾರಜನಕ, ರಂಜಕಗಳ ನಡುವೆ ಒಂದು ನಿಶ್ಚಿತ ಪ್ರಮಾಣವಿರುವುದನ್ನು ಗುರುತಿಸಿದ. ಇಂದು ಪಠ್ಯಗಳಲ್ಲಿ ಅದು 106:16:1 ಎಂದಿರುತ್ತದೆ. ತಳದಲ್ಲಿ ಬೇರೂರಿಯೋ ಅಂಟಿಕೊಂಡೋ ಬೆಳೆಯುವ ಕಡಲ ಸಸ್ಯಗಳನ್ನು 1983ರಲ್ಲಿ ಅಟ್ಕಿನ್ಸನ್ ಮತ್ತು ಸ್ಮಿತ್ ಪರಿಶೀಲಿಸಿದಾಗ ಸಿಕ್ಕ ಮಧ್ಯಮ ಪ್ರಮಾಣ ಬೇರೆ, 550:30:1. ಅಂದರೆ ನಮ್ಮ ಪಾಚಿ ಒಂದು ಪರಮಾಣು ರಂಜಕ ತೆಗೆದುಕೊಂಡರೆ ಮೂವತ್ತು ಪರಮಾಣು ಸಾರಜನಕ ಕೇಳುತ್ತದೆ. ಮೀನಿನ ಆಹಾರದಲ್ಲಿ ನೂರಕ್ಕೆ ಒಂದು ಪಾಲು ರಂಜಕ ಇದ್ದರೆ ದಿನಕ್ಕೆ ಬೀಳುವುದು 10 ಮಿಲಿಗ್ರಾಂ. 72 ಮಿಲಿಗ್ರಾಂ ಸಾರಜನಕದ ಜೊತೆ ಪಾಚಿ ಹೊತ್ತೊಯ್ಯುವುದು ಐದರ ಆಸುಪಾಸು. ಉಳಿದರ್ಧ ಫಾಸ್ಫೇಟ್ ರೂಪದಲ್ಲಿ ನೀರಿನಲ್ಲೇ. ಅನೇಕರ ತೊಟ್ಟಿಯಲ್ಲಿ ನೈಟ್ರೇಟ್ ಸೊನ್ನೆಗಿಳಿದು ಪಾಚಿ ಬಿಳಿಚಿಕೊಂಡು ಸಾಯುವಾಗಲೂ ಫಾಸ್ಫೇಟ್ ಮಾತ್ರ ಜಗ್ಗದೆ ಕೂತಿರುವುದಕ್ಕೆ ಇದೇ ಕಾರಣ. ಆಗ ರೆಫ್ಯೂಜಿಯಂ ಕೆಟ್ಟಿತೆಂದು ಕಿತ್ತುಹಾಕುವವರಿದ್ದಾರೆ. ಕೆಟ್ಟದ್ದು ರೆಫ್ಯೂಜಿಯಂ ಅಲ್ಲ, ಊಟದ ಹದ. ಉಳಿಕೆ ಫಾಸ್ಫೇಟಿಗೆ ಕಬ್ಬಿಣದ ಆಕ್ಸೈಡಿನ ಹರಳುಗಳನ್ನು ಸ್ವಲ್ಪ ಬಳಸು, ಪಾಚಿಗೆ ಸಾರಜನಕ ತೀರಾ ಇಲ್ಲದಂತೆ ನೋಡಿಕೋ. ಹಿತ್ತಲಿದ್ದರೆ ಬೇರೇನೂ ಬೇಡ ಎಂದು ನಾನು ಹೇಳುತ್ತಿಲ್ಲ.

ಇದು ಯಾರೋ ಅಂಗಡಿಯವರು ಕಟ್ಟಿದ ಕತೆಯೂ ಅಲ್ಲ. ಜಕಾರ್ತದ ಲೀ ಚಿನ್ ಎಂಗ್ 1961ರಲ್ಲೇ, ಕಡಲಿನಿಂದ ತಂದ, ಸೂಕ್ಷ್ಮಜೀವಿಗಳು ತುಂಬಿದ ‘ಜೀವಂತ’ ಕಲ್ಲು, ಬಿಸಿಲು, ಒಂದಿಷ್ಟು ಗಾಳಿಗುಳ್ಳೆ ಇಷ್ಟರಿಂದಲೇ ಹವಳ ಸಾಕಬಹುದೆಂದು ಬರೆದಾತ. ಕಡಲು ಬಗಲಲ್ಲೇ ಇದ್ದುದರಿಂದ ಅವನಿಗದು ಸುಲಭವೂ ಆಗಿತ್ತು. ಕಡಲಿಲ್ಲದ ಬರ್ಲಿನ್ನಿನ ಹವ್ಯಾಸಿಗಳು ಕಲ್ಲಿನ ಜೊತೆ ಬಲವಾದ ಸ್ಕಿಮ್ಮರನ್ನೂ ದೀಪವನ್ನೂ ಸೇರಿಸಿದರು. ಇವತ್ತಿಗೂ ಅದಕ್ಕೆ ಬರ್ಲಿನ್ ಪದ್ಧತಿ ಎಂದೇ ಹೆಸರು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಬೇರೆ ದಾರಿ ಹಿಡಿದ. ಹವಳದ ದಿಬ್ಬಗಳಲ್ಲಿ ಪಾಚಿಯ ಗರಿಕೆ ಎಷ್ಟು ಬೇಗ ಬೆಳೆಯುತ್ತದೆಂದು ಅಳೆದವನು ಆತ. 1980ರಲ್ಲಿ ವಾಷಿಂಗ್ಟನ್ನಿನ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ತೆರೆದ ಜೀವಂತ ರೀಫಿನ ನೀರನ್ನು ಪಾಚಿಯಿಂದಲೇ ಶುದ್ಧಗೊಳಿಸಿ, ಬೆಳೆದ ಪಾಚಿಯನ್ನು ಕೆರೆದು ತೆಗೆದ. ಮೇಲಿನ ತೊಟ್ಟಿಯಲ್ಲಿ ಕತ್ತಲಾದಾಗ ಪಾಚಿಗೆ ಬೆಳಕು ಕೊಡುವ ಯುಕ್ತಿಯೂ ಆ ಪರಂಪರೆಯದೇ. ಅದರ ಲಾಭ ದೊಡ್ಡದು. ರಾತ್ರಿ ತೊಟ್ಟಿಯ ಜೀವಿಗಳೆಲ್ಲ ಉಸಿರಾಡಿ ಇಂಗಾಲದ ಡೈ ಆಕ್ಸೈಡ್ ಬಿಡುತ್ತವೆ, ಅದು ನೀರಿನಲ್ಲಿ ಆಮ್ಲವಾಗುತ್ತದೆ, ಬೆಳಗಿನ ಜಾವಕ್ಕೆ ಪಿಎಚ್ ಕುಸಿಯುತ್ತದೆ. ಕೆಳಗೆ ಬೆಳಕಿನಲ್ಲಿ ಎಚ್ಚರವಿರುವ ಪಾಚಿ ಆ ಅನಿಲವನ್ನು ಹೀರಿ ಆಮ್ಲಜನಕ ಕೊಟ್ಟರೆ ಕುಸಿತ ತಗ್ಗುತ್ತದೆ. ಕಿಟಕಿ ಮುಚ್ಚಿ ಮಲಗುವ ಫ್ಲ್ಯಾಟುಗಳಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ.

ನಿಜವಾದ ಹವಳದ ದಿಬ್ಬಗಳಿಗೂ ಹಿತ್ತಲಿದೆ. ಲಕ್ಷದ್ವೀಪದ ದ್ವೀಪಗಳನ್ನು ತೆಗೆದುಕೋ: ಹೊರಗೆ ಅಲೆಗೆ ಎದೆಯೊಡ್ಡಿದ ಹವಳದ ಅಂಚು, ಒಳಗೆ ತಿಳಿಯಾದ ಲಗೂನು, ಅದರ ತಳದಲ್ಲಿ ಕಡಲಹುಲ್ಲಿನ ಹಾಸು. ಆ ಹುಲ್ಲಿನಲ್ಲಿ ಮರಿಮೀನುಗಳೂ ಸಿಗಡಿ ಜಾತಿಯ ಪುಟ್ಟ ಜೀವಿಗಳೂ ತಲೆಮರೆಸಿಕೊಂಡು ಬೆಳೆಯುತ್ತವೆ. ಅಗತ್ತಿಯ ಲಗೂನಿನಲ್ಲಿ ಹಸಿರು ಆಮೆಗಳು ಗುಂಪುಗುಂಪಾಗಿ ಮೇಯ್ದು ಹುಲ್ಲನ್ನು ಬರಿದು ಮಾಡಿದ್ದನ್ನೂ, ಅದರಿಂದ ಅಲ್ಲಿನ ಮೀನುಗಾರರಿಗೆ ಆಮೆಗಳ ಮೇಲೆ ಸಿಟ್ಟು ಬಂದದ್ದನ್ನೂ ಸಂಶೋಧಕರು ದಾಖಲಿಸಿದ್ದಾರೆ. ಆಮೆಯ ತಪ್ಪೇನೂ ಇಲ್ಲ, ಮೇಯುವುದು ಅದರ ಧರ್ಮ. ಆದರೆ ಮೇಯುವವರಿಗೂ ಅಡಗುವವರಿಗೂ ಒಂದೇ ಅಂಗಳ ಕೊಟ್ಟರೆ ಗೆಲ್ಲುವವರು ಯಾರೆಂಬುದು ಅಲ್ಲಿ ಸ್ಪಷ್ಟವಾಗಿದೆ. ತೊಟ್ಟಿಯಲ್ಲೂ ಅಷ್ಟೇ. ಕೋಪೆಪಾಡ್ ಎಂಬ, ಎಳ್ಳಿಗಿಂತ ಸಣ್ಣ ಕಡಲಜೀವಿಗಳು ಮೇಲಿನ ತೊಟ್ಟಿಯಲ್ಲಿ ಹುಟ್ಟಿದಷ್ಟೂ ಮೀನಿನ ಬಾಯಿಗೆ. ಪಾಚಿಯ ಉಂಡೆಯೊಳಗೆ ಅವು ನಿರಾತಂಕವಾಗಿ ಹೆಚ್ಚಿ, ಹೆಚ್ಚಿದ್ದು ಪಂಪಿನ ಮೂಲಕ ದಿನವೂ ಒಂದಿಷ್ಟು ಮೇಲೇರುತ್ತದೆ. ಇದನ್ನು ಕೇಳಿದ ಕೂಡಲೇ ಕೋಪೆಪಾಡ್ ಬಿಟ್ಟು ಬೇರೇನನ್ನೂ ಸುಲಭಕ್ಕೆ ಮುಟ್ಟದ ಮ್ಯಾಂಡರಿನ್ ಮೀನನ್ನು ತರಲು ಓಡಬೇಡ. ಆ ಮೀನು ಹಗಲಿಡೀ ಹೆಕ್ಕುತ್ತಲೇ ಇರುತ್ತದೆ. ನಿನ್ನ ಅಳತೆಯ ಹಿತ್ತಲು ಅದನ್ನು ಸಾಕಲಾರದು.

ಇನ್ನು ಎದುರುವಾದಗಳು. ಒಳ್ಳೆಯ ಸ್ಕಿಮ್ಮರೊಂದಿದ್ದರೆ ಈ ಸೊಪ್ಪಿನ ಗೊಡವೆ ಯಾಕೆ ಎಂಬುದು ಮೊದಲನೆಯದು, ಬಲವಾದದ್ದೂ ಹೌದು. ಸ್ಕಿಮ್ಮರು ಮಾಡುವುದೇನು? ನೀರಿಗೆ ಸಣ್ಣ ಗುಳ್ಳೆಗಳನ್ನು ನುಗ್ಗಿಸಿ, ಗುಳ್ಳೆಯ ಮೈಗೆ ಅಂಟುವ ಪ್ರೋಟೀನಿನಂಥ ವಸ್ತುಗಳನ್ನು ನೊರೆ ಮಾಡಿ ಬಟ್ಟಲಿಗೆ ತಳ್ಳುತ್ತದೆ. ಬೆಲ್ಲ ಕಾಯಿಸುವಾಗ ಮೇಲೆದ್ದ ಹೊಲಸನ್ನು ಜಾಲರಿಯಿಂದ ತೆಗೆಯುತ್ತಾರಲ್ಲ, ಆ ಜಾತಿಯ ಕೆಲಸ. ಕೊಳೆತು ಅಮೋನಿಯಾ ಆಗುವ ಮೊದಲೇ ಕಸ ಹಿಡಿಯುವುದರಿಂದ ಅದರ ಬೆಲೆ ದೊಡ್ಡದು, ನೀರಿಗೆ ಗಾಳಿಯನ್ನೂ ಬೆರೆಸುತ್ತದೆ. ಆದರೆ ನೀರಿನಲ್ಲಿ ಕರಗಿಹೋದ ಅಮೋನಿಯಾ, ನೈಟ್ರೇಟ್, ಫಾಸ್ಫೇಟುಗಳು ಗುಳ್ಳೆಗೆ ಅಂಟುವುದಿಲ್ಲ. ಮೀನು ಕಿವಿರಿನಿಂದ ನೇರವಾಗಿ ಅಮೋನಿಯಾ ಬಿಡುವಾಗ ಸ್ಕಿಮ್ಮರಿಗೆ ಹಿಡಿಯಲು ಏನೂ ಇರುವುದಿಲ್ಲ. ಪಾಚಿಗೆ ಬೇಕಾದದ್ದು ಅದೇ. ನೈಟ್ರೇಟಿಗಿಂತ ಅಮೋನಿಯಾವನ್ನೇ ಅದು ಸುಲಭವಾಗಿ ಹೀರುತ್ತದೆ. ಇಬ್ಬರೂ ಒಂದೇ ಕೆಲಸದವರಲ್ಲ, ಆದ್ದರಿಂದ ಒಬ್ಬರ ಬದಲು ಒಬ್ಬರು ಎಂಬ ಪ್ರಶ್ನೆಯೇ ಸರಿಯಿಲ್ಲ. ಹಣ ಒಂದಕ್ಕೇ ಸಾಲುವುದಾದರೆ? ಸಾಧಾರಣ ಸ್ಕಿಮ್ಮರು ತೆಗೆದುಕೊಂಡು ಉಳಿದದ್ದನ್ನು ರೆಫ್ಯೂಜಿಯಮ್ಮಿನ ಲೈಟಿಗೆ ಹಾಕು ಎಂಬುದು ನನ್ನ ತೀರ್ಪು.

ಎರಡನೆಯವರು, ನಮ್ಮಲ್ಲಿ ರೆಫ್ಯೂಜಿಯಂ ಇತ್ತು, ಏನೂ ಪ್ರಯೋಜನವಾಗಲಿಲ್ಲ ಎನ್ನುತ್ತಾರೆ. ಅವರ ಮಾತು ಬಹುಪಾಲು ನಿಜ. ಸ್ಕಿಮ್ಮರು, ಪಂಪು, ಹೀಟರು ಎಲ್ಲ ಕೂತ ಮೇಲೆ ಉಳಿದ ಒಂದು ಗೇಣು ಜಾಗದಲ್ಲಿ, ಓದುವ ದೀಪದಂಥ ಮಂಕು ಬೆಳಕಿನ ಕೆಳಗೆ, ಒಂದು ಹಿಡಿ ಪಾಚಿ ಇಟ್ಟರೆ ಅದು ಬದುಕಿರುತ್ತದೆಯೇ ಹೊರತು ಬೆಳೆಯುವುದಿಲ್ಲ. ಬೆಳೆಯದ ಪಾಚಿ ಏನನ್ನೂ ತೆಗೆಯುವುದಿಲ್ಲ. ಅದಕ್ಕಾಗಿಯೇ ಹಿತ್ತಲು ಮೊದಲು ಎನ್ನುತ್ತಿರುವುದು. ಸಂಪಿನ ಅಳತೆಯನ್ನು ರೆಫ್ಯೂಜಿಯಮ್ಮಿನಿಂದ ಶುರುಮಾಡಿ ಗೊತ್ತು ಮಾಡಬೇಕು, ಮಿಕ್ಕಿದ್ದನ್ನು ಅದಕ್ಕೆ ಕೊಡುವುದಲ್ಲ. ಮೇಲಿನ ತೊಟ್ಟಿಯ ಐದನೇ ಒಂದು ಪಾಲಿಗೆ, ಎಂದರೆ ಐವತ್ತು ಲೀಟರಿಗೆ, ಕಡಿಮೆಯಾಗದಂತೆ ಆ ಕೋಣೆ ಇರಲಿ. ಬೆಳಕು ಸಸಿ ಬೆಳೆಸುವ ಕೆಂಪು-ನೀಲಿ ಎಲ್‌ಇಡಿ ಆಗಲಿ, ಪ್ರಖರವಾದ ಬಿಳಿಯದಾಗಲಿ, ಬೆಲೆ ನೋಡಿ ಹಿಂಜರಿಯಬೇಡ. ಅಲ್ಲಿ ನೀರು ನಿಧಾನವಾಗಿ ಹರಿಯಬೇಕೆಂಬ ಹಳೆಯ ಮಾತೊಂದಿದೆ. ಪಾಚಿಗೆ ನೀರಿನ ಜೊತೆ ಮಾತಾಡಲು ಸಮಯ ಬೇಕಂತೆ. ಮಾತು ಚೆಂದ, ವಿಜ್ಞಾನ ಸರಿಯಿಲ್ಲ. ನೀರು ನಿಂತಲ್ಲಿ ಪಾಚಿಯ ಎಳೆಗಳ ಮೈಗೆ ಅಂಟಿದ ತೆಳು ಪದರದಲ್ಲಿ ಆಹಾರ ತೀರಿಹೋಗುತ್ತದೆ, ಹೊಸದು ಬರುವುದಿಲ್ಲ, ಮೇಲಿಂದ ಧೂಳು ಕೂರುತ್ತದೆ. ಉಂಡೆ ಮೆಲ್ಲಗೆ ಹೊರಳುವಷ್ಟು ಹರಿವು ಇರಲಿ.

ಮೂರನೆಯ ಆಕ್ಷೇಪ ಸೂಕ್ಷ್ಮವಾದದ್ದು: ಪಾಚಿ ಎಲ್ಲವನ್ನೂ ಹೀರಿಬಿಟ್ಟರೆ ಹವಳಕ್ಕೆ ಉಪವಾಸ. ಇದೂ ಹೌದು. ಹವಳದ ಮೈಯೊಳಗೆ ವಾಸಿಸುವ ಏಕಕೋಶದ ಪಾಚಿಗಳಿಗೂ ಸಾರಜನಕ, ರಂಜಕ ಬೇಕು. ಎರಡೂ ಸೊನ್ನೆಯಾದ ನೀರಿನಲ್ಲಿ ಹವಳ ಬಣ್ಣಗೆಡುತ್ತದೆ. ಅಂಥ ಬರಡು ನೀರಿನಲ್ಲೇ ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆ ಕಲ್ಲು ಮರಳೆನ್ನದೆ ಹಬ್ಬುತ್ತದೆ. ಅದನ್ನು ತೊಲಗಿಸುವುದು ಹಸಿರು ಪಾಚಿಗಿಂತ ಹತ್ತುಪಾಲು ಕಷ್ಟ. ಆದರೆ ಸೊನ್ನೆ ನಮ್ಮ ಗುರಿಯೆಂದು ಯಾರು ಹೇಳಿದರು? ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.05ರಿಂದ 0.1 ಇದ್ದರೆ ಸಾಕು. ಅದಕ್ಕಿಂತ ಇಳಿಯತೊಡಗಿದರೆ ರೆಫ್ಯೂಜಿಯಮ್ಮಿನ ಲೈಟು ಉರಿಯುವ ಗಂಟೆಗಳನ್ನು ಕಡಿಮೆ ಮಾಡು, ಏರಿದರೆ ಹೆಚ್ಚಿಸು. ರಾಸಾಯನಿಕ ಸುರಿದಾಗ ಪರಿಣಾಮ ಒಮ್ಮೆಗೇ ಆಗುತ್ತದೆ, ತಪ್ಪಿದರೆ ಹಿಂದೆ ಬರುವಂತಿಲ್ಲ. ಇಲ್ಲಿ ಒಂದು ಟೈಮರಿನ ತಿರುಪು ಸಾಕು, ತಪ್ಪು ತಿದ್ದಲು ವಾರಗಟ್ಟಲೆ ಸಮಯವಿರುತ್ತದೆ. ಪಾಚಿ ನೀರನ್ನು ಹಳದಿಯಾಗಿಸುತ್ತದೆ ಎಂಬ ದೂರು ಕೂಡ ಸುಳ್ಳಲ್ಲ. ಒಂದು ಚೀಲ ಸಕ್ರಿಯ ಇದ್ದಿಲು ಅದನ್ನು ನೋಡಿಕೊಳ್ಳುತ್ತದೆ.

ನಾಲ್ಕನೆಯದನ್ನು ನೀನು ಕೇಳಿಲ್ಲ, ನಾನೇ ಎತ್ತಬೇಕು. ನಿನ್ನ ಮನಸ್ಸಿನಲ್ಲಿರುವ ಚಿತ್ರದಲ್ಲಿ ಕವಲೊಡೆದ ಗಟ್ಟಿ ಹವಳಗಳಿವೆ. 2001ರಿಂದ ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲವೂ, ಕರಿ ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳೂ ಇವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಹೊರದೇಶದಿಂದ ಬರುವ ಗಟ್ಟಿ ಹವಳಗಳು ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ; ನಮ್ಮ ಕಾಯ್ದೆಯ 2022ರ ತಿದ್ದುಪಡಿಯ ನಂತರ ಅಂಥ ಜೀವಿಗಳನ್ನು ಇಟ್ಟುಕೊಳ್ಳುವವರಿಗೆ ನೋಂದಣಿಯ ಹೊಣೆಯೂ ಇದೆ. ಮುರ್ಡೇಶ್ವರದೆದುರಿನ ನೇತ್ರಾಣಿಯ ಸುತ್ತಲಿನ ಹವಳವನ್ನು ನೀರಿನಲ್ಲಿ ಮುಳುಗಿ ನೋಡಿ ಬರಬಹುದು, ಒಂದು ತುಂಡೂ ತರುವಂತಿಲ್ಲ. ಕಡಲಿನಿಂದ ಕಿತ್ತ ಲೈವ್ ರಾಕ್ ಎಂದು ಮಾರುವುದೂ ಹವಳದ ಅಸ್ಥಿಯೇ ಆಗಿರಬಹುದು, ಅದನ್ನೂ ಮುಟ್ಟಬೇಡ. ಹಾಗಾದರೆ ಉಳಿದದ್ದೇನು? ತಯಾರಿಸಿದ ಒಣ ಕಲ್ಲು, ಪಟ್ಟಿಯ ಹೊರಗಿರುವ ಮೃದು ಹವಳಗಳು, ಗುಂಡಿಯಂಥ ಝೊಯಾಂತಿಡ್‌ಗಳು, ಸಿಗಡಿ, ಬಸವನಹುಳು, ತೊಟ್ಟಿಯಲ್ಲೇ ಮರಿ ಮಾಡಿಸಿದ ಕ್ಲೌನ್ ಮೀನು. ಕ್ಲೌನ್ ಮೀನಿನ ಮರಿ ತೆಗೆಯುವ ತಂತ್ರ ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೇ ಸಿದ್ಧಿಸಿದೆ. ಕೊಳ್ಳುವ ಪ್ರತಿ ಜೀವಿಗೂ ಬಿಲ್ಲು, ಮೂಲದ ಪತ್ರ ಕೇಳು. ಕೊಡದ ಅಂಗಡಿಯಿಂದ ಬರಿಗೈಯಲ್ಲಿ ಬಾ. ಬೇಸರವಾಯಿತೇ? ನನ್ನ ವಾದಕ್ಕೆ ಇದು ಬಲವನ್ನೇ ಕೊಡುತ್ತದೆ. ಗಟ್ಟಿ ಹವಳಕ್ಕೆ ಬೇಕಾಗುವ ಕಡುಶುದ್ಧ ನೀರು, ದಿನದಿನದ ಸುಣ್ಣದ ಲೆಕ್ಕ, ಹೊಳಪು ದೀಪ ಯಾವುದೂ ಮೃದು ಹವಳಕ್ಕೆ ಅಷ್ಟಾಗಿ ಬೇಡ. ತುಸು ಸಾರವಿರುವ, ಏರಿಳಿತವಿಲ್ಲದ ನೀರೇ ಅವಕ್ಕೆ ಇಷ್ಟ. ರೆಫ್ಯೂಜಿಯಂ ಕೊಡುವುದು ಅದನ್ನೇ.

ಕಟ್ಟುವ ವಿವರಗಳಲ್ಲಿ ಹೆಚ್ಚಿನವನ್ನು ಕೆಲಸ ಬಲ್ಲವರು ಹೇಳಿಕೊಡುತ್ತಾರೆ, ಎರಡನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ. ಕರೆಂಟು ಹೋದಾಗ ಪಂಪು ನಿಲ್ಲುತ್ತದೆ. ತೊಟ್ಟಿಯ ಮೇಲ್ಪದರದ ನೀರು ಕೊಳವೆಗಳಲ್ಲಿ ಕೆಳಗಿಳಿಯುತ್ತದೆ. ನೀರಿನಲ್ಲಿ ಮುಳುಗಿದ ವಾಪಸು ಕೊಳವೆಯೂ ಆಗ ಹಿಮ್ಮುಖವಾಗಿ ಎಳೆಯುತ್ತದೆ. ನಿನ್ನ ಅಳತೆಯ ತೊಟ್ಟಿಯಲ್ಲಿ ಒಂದು ಅಂಗುಲ ನೀರು ಇಳಿದರೆ ಹದಿನಾಲ್ಕು ಲೀಟರ್, ಒಂದು ತುಂಬಿದ ಕೊಡ. ಎರಡು ಕೊಡ ಹಿಡಿಯುವಷ್ಟು ಜಾಗ ಸಂಪಿನಲ್ಲಿ ಸದಾ ಖಾಲಿಯಿರಲಿ. ಇಳಿಯುವ ಕೊಳವೆ ಒಂದಲ್ಲ, ಮೂರಿರಲಿ: ಒಂದು ನಿಶ್ಶಬ್ದವಾಗಿ ತುಂಬಿ ಹರಿಯಲು, ಒಂದು ಹೆಚ್ಚಾದದ್ದಕ್ಕೆ, ಒಂದು ಆಪತ್ತಿಗೆ. ಇನ್ನೊಂದು ನೀರಿನ ವಿಷಯ. ಮಲ್ಪೆಯಿಂದಲೋ ಕಾರವಾರದಿಂದಲೋ ಡ್ರಮ್ಮಿನಲ್ಲಿ ಕಡಲ ನೀರು ತರಬಾರದೇಕೆ ಎಂದು ಕೇಳುವವರಿದ್ದಾರೆ. ಮಳೆಗಾಲದಲ್ಲಿ ಹೊಳೆಗಳು ತುಂಬಿ ಹರಿದು ದಡದ ನೀರು ಸಪ್ಪೆಯಾಗುತ್ತದೆ, ಕೆಸರೂ ಬರುತ್ತದೆ. ವರ್ಷವಿಡೀ ಒಂದೇ ಹದದ ನೀರು ಅಲ್ಲಿ ಸಿಗದು. ಬೋರ್‌ವೆಲ್ಲಿನ ನೀರಂತೂ ಬೇಡವೇ ಬೇಡ. ಆರ್‌ಓ ದಾಟಿ ಡಿಅಯಾನೈಸರಿನಲ್ಲೂ ಹಾದು ಟಿಡಿಎಸ್ ಸೊನ್ನೆ ತೋರುವ ನೀರಿಗೆ ರೀಫ್ ಉಪ್ಪು ಬೆರೆಸಿ ಲೀಟರಿಗೆ 35 ಗ್ರಾಂ ಲವಣಕ್ಕೆ ತರಬೇಕು. 250 ಲೀಟರಿಗೆ ಒಂಬತ್ತು ಕಿಲೋ ಉಪ್ಪಾದರೂ ಬೇಕಾದೀತು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರ ನಡೆಯುವುದೇ ಆ ನಿಯಮದ ಮೇಲೆ. ಹಾಗಾಗಿ ದಿನವೂ ಆವಿಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು.

ಕ್ರಮ ಹೀಗಿರಲಿ. ಕಲ್ಲು, ಉಪ್ಪುನೀರು ಹಾಕಿ, ಅಳೆದ ಅಮೋನಿಯಾ ಕೊಟ್ಟು ಸೂಕ್ಷ್ಮಜೀವಿಗಳು ಒಂದೇ ದಿನದಲ್ಲಿ ಅದನ್ನು ನೈಟ್ರೇಟ್ ಮಾಡುವವರೆಗೆ ಕಾಯಿ. ಅಷ್ಟರಲ್ಲಿ ಮೇಲಿನ ಲೈಟು ಹಾಕಬೇಡ, ಹಾಕಿದರೆ ಬೇಡದ ಪಾಚಿ ಮೊದಲು ಬಂದು ಕೂರುತ್ತದೆ. ನೈಟ್ರೇಟ್ ಕಾಣಿಸಿಕೊಂಡಾಗ ಕೆಳಗೆ ಕೀಟೋಮಾರ್ಫಾ ಬಿಡು, ಎರಡು ವಾರ ಬಿಟ್ಟು ಕೋಪೆಪಾಡ್ ಬಿಡು. ಆ ಉಂಡೆಯಿಂದ ಮೊದಲ ಸೊಪ್ಪಿನ ಕಟ್ಟು ಕೊಯ್ಯುವವರೆಗೆ ಮೀನು ಬೇಡ. ಮನೆಗೆ ಬಂದವರು ಖಾಲಿ ತೊಟ್ಟಿ ನೋಡಿ, ಇದೇನು ಕಲ್ಲು ಸಾಕಿದ್ದೀಯ ಎಂದು ನಗಬಹುದು. ಕ್ಯಾಬಿನೆಟ್ಟಿನ ಬಾಗಿಲು ತೆಗೆದು ತೋರಿಸು. ಆಮೇಲೆ ತರುವ ಮೀನನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ರೋಗ ನೋಡಿಕೋ. ತಾಮ್ರದ ಮದ್ದು ಹಾಕುವುದಿದ್ದರೆ ಅಲ್ಲೇ, ರೀಫಿನ ನೀರಿಗೆ ಒಂದು ಹನಿಯೂ ಬೀಳಬಾರದು. ಸಿಗಡಿ, ಬಸವನಹುಳು, ಕೋಪೆಪಾಡುಗಳಿಗೆ ಅದು ವಿಷ.

ಕೊನೆಗೊಂದು ಮಾತು, ಪಾಚಿಯ ಜಾತಿಯ ಬಗ್ಗೆ. ಗರಿಯಂತೆ ಅಂದವಾಗಿ ಹರಡುವ ಕೌಲರ್ಪಾವನ್ನು ಯಾರಾದರೂ ಕೊಟ್ಟರೆ ಬೇಡ ಎನ್ನು. ಅದು ಒಮ್ಮೊಮ್ಮೆ ರಾತ್ರೋರಾತ್ರಿ ತನ್ನೊಳಗಿನದೆಲ್ಲವನ್ನೂ ಸಂತಾನೋತ್ಪತ್ತಿಯ ಕೋಶಗಳಾಗಿ ನೀರಿಗೆ ಸುರಿದು ಸಾಯುತ್ತದೆ. ತಿಂಗಳುಗಟ್ಟಲೆ ಹೀರಿದ್ದು ಒಂದೇ ಬೆಳಗಿಗೆ ವಾಪಸು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಈ ಕುಲದ, ತೊಟ್ಟಿಗಳಲ್ಲಿ ಸಾಕುತ್ತಿದ್ದ ಒಂದು ಪಾಚಿ ಚಾಪೆಯಗಲ ಕಾಣಿಸಿಕೊಂಡಿತು. ಆಮೇಲೆ ಅದು ಮೆಡಿಟರೇನಿಯನ್ನಿನ ದಡಗಳಗುಂಟ ಹಬ್ಬಿತು. 2000ದಲ್ಲಿ ಅದೇ ಪಾಚಿ ಕ್ಯಾಲಿಫೋರ್ನಿಯದ ಒಂದು ಲಗೂನಿನಲ್ಲಿ ಸಿಕ್ಕಾಗ ಟಾರ್ಪಾಲು ಹೊದಿಸಿ, ಒಳಗೆ ಕ್ಲೋರಿನ್ ಬಿಟ್ಟು ಕೊಂದರು. ತೊಲಗಿತೆಂದು ಘೋಷಿಸುವ ಹೊತ್ತಿಗೆ 2006 ಬಂದಿತ್ತು, ಎಪ್ಪತ್ತು ಲಕ್ಷ ಡಾಲರಿನಷ್ಟು ಖರ್ಚಾಗಿತ್ತು. ನೀನು ಸಾಕುವುದು ಕೀಟೋಮಾರ್ಫಾವೇ ಆದರೂ, ವಾರವಾರ ಕೊಯ್ದದ್ದನ್ನು ತಾರಸಿಯ ಬಿಸಿಲಿಗೆ ಹರಡಿ, ಗರಿಗರಿಯಾಗಿ ಒಣಗಿದ ಮೇಲೆ ಕಸಕ್ಕೆ ಹಾಕು. ಚರಂಡಿಗೆ, ಕೆರೆಗೆ ಬೇಡ. ಊರಿಗೆ ಹೋದಾಗ ಕಡಲಿಗಂತೂ ಖಂಡಿತ ಬೇಡ.

ಇಂತಿ,
ನಿನ್ನ ಹಿತೈಷಿ